ಮೇಲ್ ಸರ್ವರಿಗೆ ಐಪಿ ಬ್ಲಾಕ್ ಲಿಸ್ಟ್ ಹಾಕುವುದು: ಬರಬೇಕಾದ ಮೇಲ್ ಕಳೆಯದ ಹಾಗೆ

ಹುಬ್ಬಳ್ಳಿಯಲ್ಲಿ ಒಂದು ಕಾಲೇಜು, ಒಂದು ಪತ್ತಿನ ಸಹಕಾರ ಸಂಘ. ಈ ಎರಡರ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎರಡೂ ಕಡೆ ಡೆಬಿಯನ್ ಲಿನಕ್ಸ್, ಅದರ ಮೇಲೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್. ಸ್ಪ್ಯಾಮ್ ತಡೆಯಲು ಐಪಿ ಬ್ಲಾಕ್ ಲಿಸ್ಟಿನಷ್ಟು, ಅಂದರೆ ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳ ಪಟ್ಟಿಯಷ್ಟು, ಹಗುರವಾದ ಸಾಧನ ನನಗಂತೂ ಇನ್ನೊಂದು ಸಿಕ್ಕಿಲ್ಲ. ಮೇಲನ್ನು ಒಳಗೆ ತಗೊಂಡು, ಬಿಚ್ಚಿ, ಓದಿ ನೋಡುವ ಮೊದಲೇ ಬಾಗಿಲಲ್ಲಿ ಬೇಡ ಅನ್ನಬಹುದು. ಸರ್ವರಿಗೆ ಏನೂ ಭಾರ ಇಲ್ಲ.

ಆದರೆ ಎಲ್ಲೋ ಸಿಕ್ಕ ನಾಲ್ಕು ಸಾಲು ಕಾಪಿ ಮಾಡಿ ಹಾಕಿದರೆ ಸ್ಪ್ಯಾಮ್ ಜೊತೆ ಒಳ್ಳೆ ಮೇಲೂ ಹೋಗುತ್ತದೆ. ಒಂದು ಸ್ಪ್ಯಾಮ್ ಒಳಗೆ ಬಂದರೆ ಡಿಲೀಟ್ ಮಾಡಿದರಾಯಿತು. ಬರಬೇಕಾದ ಮೇಲ್ ಬಾರದಿದ್ದರೆ? ಅದು ಬರಲಿಲ್ಲ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಅದಕ್ಕೆ ಕೆಳಗೆ ಹೇಳುವ ಪ್ರತಿ ಹೆಜ್ಜೆಯಲ್ಲೂ ನನ್ನ ಲೆಕ್ಕ ಒಂದೇ: ತಡೆಯುವುದಕ್ಕಿಂತ ಮೊದಲು, ಯಾರನ್ನು ತಡೆಯುತ್ತಿದ್ದೇವೆ ಅಂತ ಕಣ್ಣಿಗೆ ಕಾಣಬೇಕು.

ಸೆಟ್ಟಿಂಗ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಟೈಪ್ ಮಾಡಿ.

ಲಿಸ್ಟ್ ಕೆಲಸ ಮಾಡುವ ರೀತಿ

1997ರಲ್ಲಿ ಇಂಟರ್ನೆಟ್ ತಂತ್ರಜ್ಞ ಪಾಲ್ ವಿಕ್ಸಿ ಶುರು ಮಾಡಿದ ಆರ್‌ಬಿಎಲ್ ಎಂಬ ಲಿಸ್ಟಿನಿಂದ ಈ ಪದ್ಧತಿ ಬಂತು. ಇವತ್ತಿಗೂ ಮೂಲ ಉಪಾಯ ಅದೇ. ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿಯನ್ನು ಯಾರೋ ಒಬ್ಬರು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೇಳಿದರೆ ಐಪಿ ಹೇಳುವ ಇಂಟರ್ನೆಟ್ಟಿನ ವ್ಯವಸ್ಥೆಯಲ್ಲಿ, ಇಟ್ಟಿರುತ್ತಾರೆ. ನಮ್ಮ ಸರ್ವರಿಗೆ 203.0.113.45 ಎಂಬ ಐಪಿಯಿಂದ ಕನೆಕ್ಷನ್ ಬಂತು ಅನ್ನಿ. ನಮ್ಮ ಸರ್ವರ್ ಆ ಅಂಕಿಗಳನ್ನು ತಿರುವಿ ಹಾಕಿ, 45.113.0.203 ಮಾಡಿ, ಅದರ ಬಾಲಕ್ಕೆ ಲಿಸ್ಟಿನ ಹೆಸರು, ಉದಾಹರಣೆಗೆ ಝೆನ್ ಡಾಟ್ ಸ್ಪ್ಯಾಮ್‌ಹಾಸ್ ಡಾಟ್ ಆರ್ಗ್, ಸೇರಿಸಿ ಡಿಎನ್‌ಎಸ್ ಕೇಳುತ್ತದೆ. ಅಂಥ ಹೆಸರೇ ಇಲ್ಲ ಅಂತ ಉತ್ತರ ಬಂದರೆ ಆ ಐಪಿ ಪಟ್ಟಿಯಲ್ಲಿಲ್ಲ. 127.0.0 ಇಂದ ಶುರುವಾಗುವ ಉತ್ತರ ಬಂದರೆ ಇದೆ.

ಕೊನೆಯ ಅಂಕಿಯಲ್ಲೂ ಅರ್ಥ ಇದೆ. ಸ್ಪ್ಯಾಮ್‌ಹಾಸ್ ಎಂಬ ಸಂಸ್ಥೆಯ ಝೆನ್ ಅಂದರೆ ಹಲವು ಪಟ್ಟಿಗಳನ್ನು ಕೂಡಿಸಿದ್ದು. 2 ಬಂದರೆ ಸ್ಪ್ಯಾಮ್ ಕಳಿಸುವವರದ್ದು ಅಂತ ಗುರುತಾದ ಐಪಿ, 4ರಿಂದ 7 ಬಂದರೆ ವೈರಸ್ ಹೊಕ್ಕ ಕಂಪ್ಯೂಟರ್. 10 ಅಥವಾ 11 ಬಂದರೆ ಪಿಬಿಎಲ್, ಅಂದರೆ ನೇರವಾಗಿ ಮೇಲ್ ಕಳಿಸಬೇಕಾದ್ದೇ ಇಲ್ಲದ ಐಪಿ. ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ನೆಟ್ ಎಲ್ಲ ಇದರಲ್ಲಿ ಬರುತ್ತವೆ. ಪಿಬಿಎಲ್‌ನಲ್ಲಿದ್ದ ಮಾತ್ರಕ್ಕೆ ಅವರು ಕಳ್ಳರಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಮೊದಲು ರಿಸಾಲ್ವರ್

ರಿಸಾಲ್ವರ್ ಅಂದರೆ ನಮ್ಮ ಪರವಾಗಿ ಡಿಎನ್‌ಎಸ್ ಕೇಳಿ ಉತ್ತರ ತರುವ ಸರ್ವರ್. ಬಹಳ ಜನ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಸರ್ವರಿನ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಇದ್ದರೆ ಬ್ಲಾಕ್ ಲಿಸ್ಟ್ ಸರಿಯಾಗಿ ನಡೆಯುವುದಿಲ್ಲ. ಲೋಕದ ಅರ್ಧ ಜನ ಬಳಸುವ ರಿಸಾಲ್ವರಿನಿಂದ ಪ್ರಶ್ನೆ ಬಂದರೆ, ಕೇಳುತ್ತಿರುವವರು ಯಾರು, ಎಷ್ಟು ಕೇಳುತ್ತಿದ್ದಾರೆ ಅಂತ ಸ್ಪ್ಯಾಮ್‌ಹಾಸ್‌ಗೆ ತಿಳಿಯುವುದಿಲ್ಲ. ಹಾಗಾಗಿ ಅವರು 127.255.255.254 ಅಂತ ಉತ್ತರ ಕೊಡುತ್ತಾರೆ. ಐಪಿ ಪಟ್ಟಿಯಲ್ಲಿದೆ ಅಂತಲ್ಲ, ನೀನು ಸಾರ್ವಜನಿಕ ರಿಸಾಲ್ವರಿನಿಂದ ಕೇಳುತ್ತಿದ್ದೀಯ ಅಂತ ಅದರ ಅರ್ಥ. ಆದರೆ ನೀವು ಬರೀ ಲಿಸ್ಟಿನ ಹೆಸರಷ್ಟೇ ಹಾಕಿದ್ದರೆ, ಪೋಸ್ಟ್‌ಫಿಕ್ಸ್ ಯಾವ ಉತ್ತರ ಬಂದರೂ ಪಟ್ಟಿಯಲ್ಲಿದೆ ಅಂತಲೇ ತಿಳಿಯುತ್ತದೆ. ಆಗ ಜಿಮೇಲ್, ಬ್ಯಾಂಕು, ಸರ್ಕಾರಿ ಕಚೇರಿ ಎಲ್ಲರ ಮೇಲೂ ವಾಪಸ್.

ಪರಿಹಾರ ಸುಲಭ. ಅದೇ ಸರ್ವರಿನಲ್ಲಿ ಅನ್‌ಬೌಂಡ್ ಎಂಬ ರಿಸಾಲ್ವರ್ ಇನ್‌ಸ್ಟಾಲ್ ಮಾಡಿ. ಡೆಬಿಯನ್‌ನಲ್ಲಿ ಅದು ತಾನಾಗಿಯೇ 127.0.0.1, ಅಂದರೆ ತನ್ನದೇ ಯಂತ್ರದ ವಿಳಾಸದ, ಮೇಲೆ ಕೂರುತ್ತದೆ. ಇಟಿಸಿ ಒಳಗಿನ ರೆಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ನೇಮ್‌ಸರ್ವರ್ 127.0.0.1 ಎಂಬ ಒಂದೇ ಸಾಲು ಇರಲಿ. ಅನ್‌ಬೌಂಡ್‌ನಲ್ಲಿ ಮತ್ತೆ 8.8.8.8ಕ್ಕೆ ಫಾರ್ವರ್ಡ್ ಮಾಡಬೇಡಿ, ಮಾಡಿದರೆ ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ.

ಇಲ್ಲೊಂದು ಚಿಕ್ಕ ಗಂಟು ಇದೆ. ಡೆಬಿಯನ್ 12ರಂಥ ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್ ತನ್ನ ಕೆಲವು ಕೆಲಸಗಳನ್ನು ಕ್ರೂಟ್ ಒಳಗೆ, ಅಂದರೆ ಹೊರಗಿನ ಫೈಲುಗಳು ಕಾಣದ ಬೇಲಿ ಹಾಕಿದ ಫೋಲ್ಡರಿನೊಳಗೆ, ನಡೆಸುತ್ತದೆ. ಅಲ್ಲಿ ರೆಸಾಲ್ವ್ ಡಾಟ್ ಕಾನ್ಫ್‌ನ ಬೇರೆಯದೇ ಪ್ರತಿ ಇರುತ್ತದೆ: ವಾರ್, ಸ್ಪೂಲ್, ಪೋಸ್ಟ್‌ಫಿಕ್ಸ್, ಅದರೊಳಗಿನ ಇಟಿಸಿ. ಹೊರಗಿನದ್ದನ್ನು ಬದಲಿಸಿ ಸುಮ್ನೆ ಬಿಟ್ಟರೆ ಒಳಗಿನದ್ದು ಹಳೆಯದೇ ಉಳಿಯುತ್ತದೆ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ, ಎರಡೂ ಫೈಲ್ ತೆರೆದು ಒಂದೇ ಇದೆಯಾ ಅಂತ ನೋಡಿಬಿಡಿ.

ಈಗ ಪರೀಕ್ಷೆ. ಪ್ರತಿ ಡಿಎನ್‌ಎಸ್ ಲಿಸ್ಟಿನಲ್ಲೂ 127.0.0.2 ಎಂಬ ಟೆಸ್ಟ್ ಐಪಿ ಇರಲೇಬೇಕು, 127.0.0.1 ಇರಲೇಬಾರದು. 2010ರ ಆರ್‌ಎಫ್‌ಸಿ 5782 ಎಂಬ ಇಂಟರ್ನೆಟ್ ದಾಖಲೆ ಇದನ್ನು ಹೇಳುತ್ತದೆ. ಡಿಗ್ ಕಮಾಂಡಿನಿಂದ 2.0.0.127, ಅದರ ಮುಂದೆ ಝೆನ್ ಹೆಸರು ಸೇರಿಸಿ ಕೇಳಿ. 127.0.0.2, 127.0.0.4, 127.0.0.10 ಅಂಥ ಉತ್ತರ ಬಂದರೆ ದಾರಿ ಸರಿ ಇದೆ. 127.255 ಇಂದ ಶುರುವಾದರೆ ಇಲ್ಲೇ ನಿಲ್ಲಿ, ಮುಂದೆ ಹೋಗಬೇಡಿ.

ಸರ್ವರ್ ಯಾವುದೋ ಕ್ಲೌಡಿನಲ್ಲಿದ್ದು, ಅದರ ಐಪಿಗೆ ನಿಮ್ಮದೇ ರಿವರ್ಸ್ ಡಿಎನ್‌ಎಸ್ ಹೆಸರು (ಐಪಿ ಕೇಳಿದರೆ ಸಿಗುವ ಹೆಸರು) ಇಲ್ಲದಿದ್ದರೂ ಇದೇ 254ರ ಉತ್ತರ ಬರಬಹುದು. ಹಾಗಾದರೆ ಸ್ಪ್ಯಾಮ್‌ಹಾಸ್‌ನ ಡೇಟಾ ಕ್ವೆರಿ ಸರ್ವಿಸ್‌ಗೆ ನೋಂದಾಯಿಸಿ. ಸಣ್ಣ ಬಳಕೆಗೆ ದುಡ್ಡಿಲ್ಲದೆ ಒಂದು ಕೀ ಕೊಡುತ್ತಾರೆ. ಆ ಕೀ ನಿಮ್ಮ ಗುಟ್ಟು. ರಿಜೆಕ್ಟ್ ಸಂದೇಶದಲ್ಲಿ ಅದು ಹೊರಗೆ ಕಾಣದಂತೆ ಮುಂದೆ ಹೇಳುವ ಪೋಸ್ಟ್‌ಸ್ಕ್ರೀನ್‌ನ ಪೋಸ್ಟ್‌ಸ್ಕ್ರೀನ್ ಡಿಎನ್‌ಎಸ್‌ಬಿಎಲ್ ರಿಪ್ಲೈ ಮ್ಯಾಪ್ ಎಂಬ ಸೆಟ್ಟಿಂಗಿನಲ್ಲಿ ಬದಲಿ ಹೆಸರು ಕೊಡಬೇಕು.

ಪೋಸ್ಟ್‌ಸ್ಕ್ರೀನ್ ಹಚ್ಚುವುದು

ಹಳೆಯ ದಾರಿ ರಿಜೆಕ್ಟ್ ಆರ್‌ಬಿಎಲ್ ಕ್ಲೈಂಟ್. ಅದರಲ್ಲಿ ಯಾವ ಒಂದು ಲಿಸ್ಟ್ ಬೇಡ ಅಂದರೂ ಮೇಲ್ ಹೋಯಿತು. ನಾನು ಬಂದ ಕನೆಕ್ಷನ್ನನ್ನು ಬಾಗಿಲಲ್ಲೇ ಪರೀಕ್ಷಿಸುವ ಪೋಸ್ಟ್‌ಸ್ಕ್ರೀನ್ ಬಳಸುತ್ತೇನೆ. 2011ರ ಪೋಸ್ಟ್‌ಫಿಕ್ಸ್ 2.8ರಿಂದ ಅದು ಜೊತೆಗೇ ಬರುತ್ತದೆ. ಇದರಲ್ಲಿ ಲಿಸ್ಟುಗಳಿಗೆ ಅಂಕ ಕೊಡಬಹುದು. ಒಟ್ಟು ಅಂಕ ಗೆರೆ ಮುಟ್ಟಿದರೆ ಮಾತ್ರ ತಡೆ.

ಮಾಸ್ಟರ್ ಡಾಟ್ ಸಿಎಫ್ ತೆರೆಯಿರಿ. ಎಸ್‌ಎಂಟಿಪಿ ಸಾಲಿನ ಕೊನೆಗೆ ಎಸ್‌ಎಂಟಿಪಿಡಿ ಅಂತ ಇರುವುದನ್ನು ಹ್ಯಾಶ್ ಹಾಕಿ ಮುಚ್ಚಿ. ಅದರ ಕೆಳಗೇ ಮುಚ್ಚಿಟ್ಟ ನಾಲ್ಕು ಸಾಲುಗಳಿವೆ: ಪೋಸ್ಟ್‌ಸ್ಕ್ರೀನ್, ಎಸ್‌ಎಂಟಿಪಿಡಿ ಪಾಸ್, ಡಿಎನ್‌ಎಸ್‌ಬ್ಲಾಗ್, ಟಿಎಲ್‌ಎಸ್‌ಪ್ರಾಕ್ಸಿ. ನಾಲ್ಕನ್ನೂ ಬಿಚ್ಚಿ. ಡಿಎನ್‌ಎಸ್‌ಬ್ಲಾಗ್ ಬಿಟ್ಟರೆ ಲಿಸ್ಟ್ ಕೇಳುವವರೇ ಇರುವುದಿಲ್ಲ. ಟಿಎಲ್‌ಎಸ್‌ಪ್ರಾಕ್ಸಿ ಬಿಟ್ಟರೆ ಗೂಢಲಿಪಿಯಲ್ಲಿ ಮಾತಾಡಲು ಬಂದ ಸರ್ವರುಗಳ ಜೊತೆ ತಕರಾರು ಶುರುವಾಗುತ್ತದೆ.

ಇನ್ನು ಮೇನ್ ಡಾಟ್ ಸಿಎಫ್. ಪೋಸ್ಟ್‌ಸ್ಕ್ರೀನ್ ಡಿಎನ್‌ಎಸ್‌ಬಿಎಲ್ ಸೈಟ್ಸ್ ಎಂಬಲ್ಲಿ ಲಿಸ್ಟಿನ ಹೆಸರು, ಸಮ ಚಿಹ್ನೆ, ಒಪ್ಪುವ ಉತ್ತರ, ನಕ್ಷತ್ರ ಚಿಹ್ನೆ, ಅಂಕ, ಹೀಗೆ ಬರೆಯಬೇಕು. ನನ್ನ ಸರ್ವರಿನಲ್ಲಿ ಇರುವುದು ಹೀಗೆ:

ಝೆನ್ ಡಾಟ್ ಸ್ಪ್ಯಾಮ್‌ಹಾಸ್ ಡಾಟ್ ಆರ್ಗ್=127.0.0.[2..11]*3
ಬಿ ಡಾಟ್ ಬ್ಯಾರಾಕುಡಾಸೆಂಟ್ರಲ್ ಡಾಟ್ ಆರ್ಗ್=127.0.0.2*2
ಬಿಎಲ್ ಡಾಟ್ ಸ್ಪ್ಯಾಮ್‌ಕಾಪ್ ಡಾಟ್ ನೆಟ್=127.0.0.2*1
ಲಿಸ್ಟ್ ಡಾಟ್ ಡಿಎನ್‌ಎಸ್‌ಡಬ್ಲ್ಯೂಎಲ್ ಡಾಟ್ ಆರ್ಗ್=127.0.[0..255].[1..3]*-2

ಪೋಸ್ಟ್‌ಸ್ಕ್ರೀನ್ ಡಿಎನ್‌ಎಸ್‌ಬಿಎಲ್ ಥ್ರೆಶೋಲ್ಡ್ 3.

ಝೆನ್ ಮೇಲೆ ನನಗೆ ನಂಬಿಕೆ ಇದೆ, ಹಾಗಾಗಿ ಅದೊಂದೇ ಹೇಳಿದರೂ ಸಾಕು. ಬ್ಯಾರಾಕುಡಾ ಬಳಸುವ ಮೊದಲು ನಿಮ್ಮ ರಿಸಾಲ್ವರಿನ ಐಪಿಯನ್ನು ಅವರಲ್ಲಿ ನೋಂದಾಯಿಸಬೇಕು. ಸ್ಪ್ಯಾಮ್‌ಕಾಪ್‌ನಲ್ಲಿ ಜನರ ದೂರಿನ ಮೇಲೆ ಐಪಿ ಬೇಗ ಸೇರುತ್ತದೆ, ಬೇಗ ಹೊರಗೂ ಬರುತ್ತದೆ. ಲಕ್ಷಾಂತರ ಜನ ಹಂಚಿಕೊಳ್ಳುವ ದೊಡ್ಡ ಕಂಪನಿಗಳ ಐಪಿಯೂ ಕೆಲವು ಸಲ ಅದರಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೇ ಒಂದೇ ಅಂಕ. ಇವೆರಡೂ ಒಟ್ಟಿಗೆ ಬೇಡ ಅಂದರೆ ಮೂರಾಗುತ್ತದೆ, ಆಗ ತಡೆ. ಕೊನೆಯ ಸಾಲು ಒಳ್ಳೆಯವರ ಪಟ್ಟಿ, ಅದು ಅಂಕ ಕಳೆಯುತ್ತದೆ.

ಸಮ ಚಿಹ್ನೆಯ ಮುಂದಿನ ಭಾಗ ದಯವಿಟ್ಟು ಬಿಡಬೇಡಿ. 2021ರ ಜನವರಿ 31ರಂದು ಸ್ಪ್ಯಾಮ್‌ಕಾಪ್‌ನ ಡೊಮೇನ್ ನವೀಕರಣ ತಪ್ಪಿ, ಆ ಹೆಸರು ಪಾರ್ಕಿಂಗ್ ಪುಟಕ್ಕೆ ಹೋಯಿತು. ಯಾವ ಐಪಿ ಕೇಳಿದರೂ ಆ ಪುಟದ ವಿಳಾಸ ಉತ್ತರವಾಗಿ ಬರತೊಡಗಿತು. ಉತ್ತರ ಯಾವುದಾದರೂ ಸರಿ ಅಂತ ಬರೆದಿದ್ದ ಸರ್ವರುಗಳು ಸಿಕ್ಕವರನ್ನೆಲ್ಲ ತಿರಸ್ಕರಿಸಿದವು. 127.0.0.2 ಮಾತ್ರ ಒಪ್ಪುತ್ತೇನೆ ಅಂತ ಬರೆದಿದ್ದವರಿಗೆ ಏನೂ ಆಗಲಿಲ್ಲ.

ಪೋಸ್ಟ್‌ಸ್ಕ್ರೀನ್ ಗ್ರೀಟ್ ಆಕ್ಷನ್ ಅನ್ನು ಎನ್‌ಫೋರ್ಸ್ ಮಾಡಿ. ಸರ್ವರ್ ನಮಸ್ಕಾರ ಹೇಳುವ ತನಕ ಆರು ಸೆಕೆಂಡ್ ಕಾಯುತ್ತದೆ, ಅಷ್ಟಕ್ಕೂ ತಾಳ್ಮೆ ಇಲ್ಲದೆ ಮೊದಲೇ ಮಾತು ಶುರು ಮಾಡುವ ಬಾಟ್‌ಗಳು ಸಿಕ್ಕಿಬೀಳುತ್ತವೆ. ಪೋಸ್ಟ್‌ಸ್ಕ್ರೀನ್‌ನಲ್ಲಿ ಇನ್ನೂ ಆಳದ ಪರೀಕ್ಷೆಗಳಿವೆ. ಅವನ್ನು ನಾನು ಹಚ್ಚುವುದಿಲ್ಲ. ಅವು ಪಾಸಾದವರನ್ನೂ ಮತ್ತೆ ಬಾ ಅಂತ ಕಳಿಸುತ್ತವೆ. ದೊಡ್ಡ ಕಂಪನಿಗಳು ಎರಡನೇ ಸಲ ಬೇರೆ ಐಪಿಯಿಂದ ಬರುವುದರಿಂದ ಒಟಿಪಿ ಮೇಲ್ ಕೂಡ ತಡವಾಗಬಹುದು.

ಒಂದು ವಾರ ಸುಮ್ನೆ ನೋಡಿ

ಪೋಸ್ಟ್‌ಸ್ಕ್ರೀನ್ ಡಿಎನ್‌ಎಸ್‌ಬಿಎಲ್ ಆಕ್ಷನ್ ಮೊದಲು ಇಗ್ನೋರ್ ಆಗಿಯೇ ಇರಲಿ. ಅಂಕ ಲೆಕ್ಕ ಹಾಕುತ್ತದೆ, ಲಾಗ್ ಬರೆಯುತ್ತದೆ, ಯಾರನ್ನೂ ತಡೆಯುವುದಿಲ್ಲ. ಒಂದು ವಾರ ಹಾಗೇ ಬಿಡಿ. ಹಳೆಯ ದಾರಿಯಲ್ಲೇ ಇರುವವರು ವಾರ್ನ್ ಇಫ್ ರಿಜೆಕ್ಟ್ ಎಂಬ ಪದವನ್ನು ನಿಯಮದ ಮುಂದೆ ಹಾಕಿದರೆ ಇದೇ ಕೆಲಸ ಆಗುತ್ತದೆ.

ಲಾಗಿನಲ್ಲಿ ಡಿಎನ್‌ಎಸ್‌ಬಿಎಲ್ ರ‍್ಯಾಂಕ್ ಎಂಬ ಪದ ಹುಡುಕಿ. ಮುಂದೆ ಅಂಕ, ಆಮೇಲೆ ಚೌಕ ಆವರಣದಲ್ಲಿ ಐಪಿ ಇರುತ್ತದೆ. ಅದರ ಆಸುಪಾಸಿನಲ್ಲೇ ಡಿಎನ್‌ಎಸ್‌ಬ್ಲಾಗ್ ಬರೆದ ಸಾಲುಗಳು ಯಾವ ಲಿಸ್ಟ್ ಏನು ಹೇಳಿತು ಅಂತ ತಿಳಿಸುತ್ತವೆ. ಅಂಕ 3 ಮುಟ್ಟಿದ ಐಪಿಗಳಿಂದ ನಿಜವಾದ ಮೇಲ್ ಏನಾದರೂ ಬಂದಿದೆಯಾ? ಆ ಹೆಸರುಗಳನ್ನು ಆಫೀಸಿನವರ ಮುಂದೆ ಇಟ್ಟು ಕೇಳಿ. ಅಕೌಂಟ್ಸ್ ವಿಭಾಗದವರಿಗೆ ಗೊತ್ತಿರುವ ಸಪ್ಲೈಯರ್ ಹೆಸರು ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಸಮಾಧಾನ ಆದ ಮೇಲೆ ಎನ್‌ಫೋರ್ಸ್ ಮಾಡಿ. ಡ್ರಾಪ್ ಬೇಡ. ಡ್ರಾಪ್ ಅಂದರೆ ಕನೆಕ್ಷನ್ ತಕ್ಷಣ ಮುರಿಯುವುದು. ಯಾರು ಯಾರಿಗೆ ಬರೆದರು ಅಂತ ಲಾಗಿನಲ್ಲಿ ಉಳಿಯುವುದೇ ಇಲ್ಲ. ಎನ್‌ಫೋರ್ಸ್‌ನಲ್ಲಿ 550, ಅಂದರೆ ಮೇಲ್ ತಗೊಳ್ಳುವುದಿಲ್ಲ ಎಂಬ ಉತ್ತರ ಹೋಗುತ್ತದೆ. ಕಳಿಸಿದವರ ವಿಳಾಸ, ಇಲ್ಲಿ ಯಾರಿಗೆ, ಹೆಲೋ ಹೆಸರು (ಕಳಿಸುವ ಸರ್ವರ್ ತಾನು ಇಂಥವನು ಅಂತ ಹೇಳಿಕೊಳ್ಳುವ ಹೆಸರು), ಮೂರೂ ಲಾಗಿನಲ್ಲಿ ಸಿಗುತ್ತವೆ. ಮತ್ತೊಂದು ಮಾತು: ಬೇಡದ ಮೇಲನ್ನು ತಗೊಂಡು ಸದ್ದಿಲ್ಲದೆ ಎಸೆಯುವ ಡಿಸ್ಕಾರ್ಡ್ ಅನ್ನು ಐಪಿ ಲಿಸ್ಟಿಗೆ ಎಂದೂ ಬಳಸಬೇಡಿ. ಬಾಗಿಲಲ್ಲೇ ತಿರಸ್ಕರಿಸಿದರೆ ಕಳಿಸಿದವರಿಗೆ ವಾಪಸ್ ಸುದ್ದಿ ಹೋಗುತ್ತದೆ, ಅವರು ಫೋನಾದರೂ ಮಾಡುತ್ತಾರೆ.

ನಮ್ಮಲ್ಲಿ ಹಾಗೇ ಆಯಿತು. ಅಕೌಂಟ್ಸ್ ಮೇಡಂ ಬಂದು, "ಸರ್, ಗದಗಿನ ಪ್ರೆಸ್‌ನವ್ರು ಫೋನ್ ಮಾಡಿದ್ರು. ಅವ್ರ ಮೇಲ್ ವಾಪಸ್ ಹೊಂಟಾವಂತ, ಸ್ವಲ್ಪ ನೋಡ್ರಿ" ಅಂದರು. ಪ್ರೆಸ್‌ನವರ ವಿಳಾಸ ಹಾಕಿ ಲಾಗ್ ಹುಡುಕಿದೆ. ಮೂರು ಅಂಕ: ಬ್ಯಾರಾಕುಡಾ ಎರಡು, ಸ್ಪ್ಯಾಮ್‌ಕಾಪ್ ಒಂದು. ಹೆಲೋದಲ್ಲಿ ಪ್ರೆಸ್ಸಿನ ಹೆಸರಿಲ್ಲ, ಯಾವುದೋ ಶೇರ್ಡ್ ಹೋಸ್ಟಿಂಗ್ ಸರ್ವರಿನ ಹೆಸರು. ಅಂದರೆ ಅದೇ ಐಪಿಯ ಮೇಲಿದ್ದ ಬೇರೆ ಯಾರದೋ ಸೈಟಿನಿಂದ ಸ್ಪ್ಯಾಮ್ ಹೋಗಿದೆ, ಪೆಟ್ಟು ಇವರಿಗೆ. ಆ ಐಪಿಯನ್ನು ಬಿಡುವ ಪಟ್ಟಿಗೆ ಸೇರಿಸಿದೆ. ಪ್ರೆಸ್‌ನವರಿಗೆ ಫೋನ್ ಮಾಡಿ, ಹೋಸ್ಟಿಂಗ್‌ನವರಿಗೆ ಏನು ಕೇಳಬೇಕು ಅಂತ ಹೇಳಿದೆ. ಅವತ್ತೇ ಕೊಟೇಶನ್ ಬಂತು.

ಇದರಲ್ಲಿ ಇನ್ನೊಂದು ತೊಡಕಿದೆ. ಪೋಸ್ಟ್‌ಸ್ಕ್ರೀನ್ ತಡೆದವರು ಪೋಸ್ಟ್‌ಮಾಸ್ಟರ್ ವಿಳಾಸಕ್ಕೂ ಬರೆಯಲಾರರು, ಯಾಕೆಂದರೆ ಅದು ಯಾರಿಗೆ ಮೇಲ್ ಅಂತ ನೋಡಿ ವಿನಾಯಿತಿ ಕೊಡುವುದಿಲ್ಲ. ನಿಮ್ಮ ಸಂಸ್ಥೆಯ ವೆಬ್‌ಸೈಟಿನಲ್ಲಿ ಒಂದು ಫೋನ್ ನಂಬರ್ ಕಣ್ಣಿಗೆ ಬೀಳುವ ಹಾಗೆ ಇರಲಿ.

ನಮ್ಮದೇ ಪಟ್ಟಿ

ಪೋಸ್ಟ್‌ಸ್ಕ್ರೀನ್ ಆಕ್ಸೆಸ್ ಲಿಸ್ಟ್ ಎಂಬಲ್ಲಿ ಮೊದಲು ಪರ್ಮಿಟ್ ಮೈನೆಟ್‌ವರ್ಕ್ಸ್, ಆಮೇಲೆ ಸಿಡರ್ ಫೈಲಿನ (ನಮ್ಮ ಐಪಿ ನಿಯಮಗಳ ಪಟ್ಟಿಯ) ದಾರಿ ಕೊಡಿ. ಫೈಲಿನಲ್ಲಿ ಸಾಲಿಗೊಂದು ನಿಯಮ: ಮೊದಲು ಐಪಿ ಅಥವಾ ಬ್ಲಾಕ್ (ಸಾಲಾಗಿ ಇರುವ ಐಪಿಗಳ ಗುಂಪು), ಜಾಗ ಬಿಟ್ಟು ಪರ್ಮಿಟ್ ಅಥವಾ ರಿಜೆಕ್ಟ್. ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದನ್ನು ತಗೊಂಡು ನಿಲ್ಲುತ್ತದೆ. 203.0.113.0/24 ಪೂರ್ತಿ ತಡೆದು 203.0.113.45 ಮಾತ್ರ ಬಿಡಬೇಕಾದರೆ, 45ರ ಸಾಲು ಮೇಲೆ, ಬ್ಲಾಕಿನ ಸಾಲು ಕೆಳಗೆ. ಅದಲುಬದಲಾದರೆ 45ರ ಸಾಲು ಇದ್ದೂ ಇಲ್ಲದ ಹಾಗೆ.

ಸಿಡರ್ ಫೈಲಿಗೆ ಪೋಸ್ಟ್‌ಮ್ಯಾಪ್ ಓಡಿಸಿ ಡೇಟಾಬೇಸ್ ಮಾಡಬೇಕಿಲ್ಲ, ಪೋಸ್ಟ್‌ಫಿಕ್ಸ್ ರೀಲೋಡ್ ಸಾಕು. ಆದರೆ ಪೋಸ್ಟ್‌ಮ್ಯಾಪ್‌ಗೆ ಹೈಫನ್ ಕ್ಯೂ, ಒಂದು ಐಪಿ, ಫೈಲಿನ ಹೆಸರು ಕೊಟ್ಟರೆ ಆ ಐಪಿಗೆ ಏನಾಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಪ್ರತಿ ಬದಲಾವಣೆಗೂ ನಾನು ಇದನ್ನು ಮಾಡುತ್ತೇನೆ. ಐಪಿವಿ6 ಆದರೆ ಒಂದೊಂದೇ ವಿಳಾಸ ತಡೆದು ಉಪಯೋಗವಿಲ್ಲ, /64 ತಡೆಯಿರಿ.

ಪ್ರತಿ ನಿಯಮದ ಮೇಲಿನ ಸಾಲಿನಲ್ಲಿ ಹ್ಯಾಶ್ ಹಾಕಿ ತಾರೀಖು, ಕಾರಣ, ಯಾರು ಕೇಳಿದರು ಅಂತ ಬರೆಯಿರಿ. ಕ್ಲೌಡ್ ಐಪಿಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಇವತ್ತು ಸ್ಪ್ಯಾಮ್ ಕಳಿಸಿದ ಐಪಿ ಮುಂದಿನ ವರ್ಷ ಯಾವುದೋ ಶಾಲೆಯ ಸರ್ವರಿನದ್ದಾಗಿರಬಹುದು. ಕಾರಣ ಬರೆಯದ ಸಾಲನ್ನು ಆಮೇಲೆ ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ದೇಶ ದೇಶವನ್ನೇ ಬ್ಲಾಕ್ ಮಾಡಿ ಅಂತ ಮ್ಯಾನೇಜ್‌ಮೆಂಟ್ ಕಡೆಯಿಂದ ಒತ್ತಾಯ ಬರುತ್ತದೆ. ನಾನು ಒಪ್ಪುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿ ಜರ್ಮನಿಯಲ್ಲಿ ಸೀಟಿಗೆ ಅರ್ಜಿ ಹಾಕಿದರೆ, ಅಂಕಪಟ್ಟಿ ನಿಜವೇ ಅಂತ ಕೇಳುವ ಮೇಲ್ ಅಲ್ಲಿನ ವಿಶ್ವವಿದ್ಯಾಲಯದ ಐಪಿಯಿಂದಲೇ ಬರುತ್ತದೆ. ಅದು ನಿಂತರೆ ಒಂದು ಮಗುವಿನ ವರ್ಷ ಹೋಯಿತು.

ಪೋರ್ಟ್ 587 ಬೇರೆ ಲೋಕ

ಮೇಲೆ ಹೇಳಿದ್ದೆಲ್ಲ ಪೋರ್ಟ್ 25ಕ್ಕೆ ಮಾತ್ರ. ನಮ್ಮದೇ ಜನ ಲಾಗಿನ್ ಆಗಿ ಮೇಲ್ ಕಳಿಸುವ 587, 465ಕ್ಕೆ ಡಿಎನ್‌ಎಸ್ ಲಿಸ್ಟ್ ಹಾಕಬೇಡಿ. ಧಾರವಾಡದ ಮನೆಯಿಂದ ಕಳಿಸುವ ಮೇಷ್ಟ್ರ ಬ್ರಾಡ್‌ಬ್ಯಾಂಡ್ ಐಪಿ ಪಿಬಿಎಲ್‌ನಲ್ಲಿ ಇರುವುದೇ ಸರಿ, ಇದ್ದರೆ ತಪ್ಪಲ್ಲ. ಮಾಸ್ಟರ್ ಡಾಟ್ ಸಿಎಫ್‌ನ ಸಬ್‌ಮಿಷನ್ ಭಾಗದಲ್ಲಿ ಕ್ಲೈಂಟ್ ರಿಸ್ಟ್ರಿಕ್ಷನ್ಸ್‌ಗೆ ಪರ್ಮಿಟ್ ಸಾಸಲ್ ಆಥೆಂಟಿಕೇಟೆಡ್, ರಿಜೆಕ್ಟ್ ಎಂಬ ಎರಡೇ ಪದ ಇರಲಿ.

ಅಲ್ಲಿ ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಫೇಲ್‌ಟುಬ್ಯಾನ್ ಇದೆ. ಡೆಬಿಯನ್ 12ರಲ್ಲಿ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಮೇಲ್ ಲಾಗ್ ಫೈಲೇ ಇರುವುದಿಲ್ಲ. ಹಾಗಾಗಿ ಜೈಲ್ ಡಾಟ್ ಲೋಕಲ್‌ನಲ್ಲಿ ಬ್ಯಾಕೆಂಡ್ ಅನ್ನು ಸಿಸ್ಟಮ್‌ಡಿ ಮಾಡಿ. ಪೋಸ್ಟ್‌ಫಿಕ್ಸ್ ಸಾಸಲ್ ಜೈಲ್ ಹಚ್ಚಿ. ಐದು ಸಲ ತಪ್ಪಿದರೆ ಒಂದು ಗಂಟೆ ಬ್ಯಾನ್, ಮತ್ತೆ ಮತ್ತೆ ಬಂದರೆ ಬ್ಯಾನ್‌ಟೈಮ್ ಇನ್‌ಕ್ರಿಮೆಂಟ್ ಅವಧಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಶುರುವಿಗೇ ತಿಂಗಳುಗಟ್ಟಲೆ ಬ್ಯಾನ್ ಮಾಡಬೇಡಿ. ನಮ್ಮ ದೇಶದ ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿವಿ4 ವಿಳಾಸವನ್ನು ಬಹಳ ಜನ ಹಂಚಿಕೊಂಡಿರುತ್ತಾರೆ. ಒಬ್ಬರ ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಅದೇ ಐಪಿಯ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ಆಫೀಸಿನ ಸ್ಟ್ಯಾಟಿಕ್ ಐಪಿಯನ್ನು ಇಗ್ನೋರ್‌ಐಪಿಗೆ ಸೇರಿಸಲು ಮರೆಯಬೇಡಿ.

ಫೈರ್‌ವಾಲ್‌ನಲ್ಲೇ ತಡೆಯಬಹುದಾದ್ದು ಸ್ಪ್ಯಾಮ್‌ಹಾಸ್‌ನ ಡ್ರಾಪ್ ಲಿಸ್ಟ್. ಪೂರ್ತಿ ಕಳ್ಳರ ಕೈಯಲ್ಲಿರುವ ಬ್ಲಾಕುಗಳು ಮಾತ್ರ ಅದರಲ್ಲಿವೆ. ದಿನಕ್ಕೊಂದು ಸಲ ಇಳಿಸಿ ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನ ಸೆಟ್ಟಿಗೆ ತುಂಬಿದರೆ ಸಾಕು. ಇಳಿದ ಫೈಲ್ ಖಾಲಿ ಇದ್ದರೆ ಹಳೆಯದನ್ನೇ ಉಳಿಸಿಕೊಳ್ಳುವ ಹಾಗೆ ಸ್ಕ್ರಿಪ್ಟ್ ಬರೆಯಿರಿ.

ಸತ್ತ ಲಿಸ್ಟುಗಳು

ಲಿಸ್ಟ್ ನಡೆಸುವವರು ಒಂದು ದಿನ ನಿಲ್ಲಿಸಿಬಿಡುತ್ತಾರೆ. ಒಆರ್‌ಡಿಬಿ ಎಂಬ ಲಿಸ್ಟ್ 2006ರ ಡಿಸೆಂಬರಿನಲ್ಲಿ ಮುಚ್ಚಿತು. ಆದರೂ ಬಹಳ ಸರ್ವರುಗಳು ಕೇಳುತ್ತಲೇ ಇದ್ದವು. ಕೊನೆಗೆ 2008ರ ಮಾರ್ಚಿನಲ್ಲಿ ಅದು ಯಾವ ಐಪಿ ಕೇಳಿದರೂ ಪಟ್ಟಿಯಲ್ಲಿದೆ ಅಂತ ಉತ್ತರ ಕೊಡತೊಡಗಿತು. ಹೆಸರು ತೆಗೆಯದವರ ಮೇಲ್ ಎಲ್ಲ ನಿಂತಿತು. ಸಾರ್ಬ್ಸ್ ಎಂಬ ಲಿಸ್ಟ್ 2024ರ ಜೂನಿನಲ್ಲಿ ಮುಚ್ಚಿತು, ಅದರ ಹೆಸರು ಇನ್ನೂ ಎಷ್ಟೋ ಹಳೆಯ ಕಾನ್ಫಿಗ್‌ಗಳಲ್ಲಿ ಉಳಿದಿದೆ. ಹಳೆಯ ಸರ್ವರ್ ನಿಮ್ಮ ಕೈಗೆ ಬಂದರೆ ಮೊದಲು ಲಿಸ್ಟಿನ ಸಾಲುಗಳನ್ನೇ ನೋಡಿ.

ನಾನು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸೌಲಭ್ಯ) ಒಂದು ಚಿಕ್ಕ ಸ್ಕ್ರಿಪ್ಟ್ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಪ್ರತಿ ಬ್ಲಾಕ್ ಲಿಸ್ಟಿಗೂ 127.0.0.1, 127.0.0.2 ಎರಡನ್ನೂ ಕೇಳುತ್ತದೆ. 2ಕ್ಕೆ ಉತ್ತರ ಬಾರದಿದ್ದರೆ ಲಿಸ್ಟ್ ಸತ್ತಿದೆ ಅಥವಾ ನಮ್ಮ ಡಿಎನ್‌ಎಸ್ ಕೆಟ್ಟಿದೆ, ನಿಧಾನವಾಗಿ ನೋಡಬಹುದು. 127.255 ಬಂದರೆ ರಿಸಾಲ್ವರ್ ನೋಡಿ. 1ಕ್ಕೆ ಉತ್ತರ ಬಂದರೆ ಮಾತ್ರ ಕಾಯಬೇಡಿ: ಆ ಲಿಸ್ಟಿನ ಸಾಲಿಗೆ ಹ್ಯಾಶ್ ಹಾಕಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ, ಕಾರಣ ಆಮೇಲೆ ಹುಡುಕಿ. ಹಿಂದಿನ ರಾತ್ರಿಯಿಂದ 550 ಹೋದವರ ವಿಳಾಸಗಳು ಲಾಗಿನಲ್ಲಿ ಇರುತ್ತವೆ. ಅವನ್ನು ತೆಗೆದು ಆಯಾ ವಿಭಾಗದವರಿಗೆ ಕೊಡಿ, ಬೇಕಾದವರಿಗೆ ಅವರು ಫೋನ್ ಮಾಡಿ ಮತ್ತೆ ಕಳಿಸಲು ಹೇಳುತ್ತಾರೆ.